ಗಾಂಧಿ ಕ್ಲಾಸ್: ಮೀನಖಂಡದ ಮೇಲೊಂದು ನಾಗರಹಾವು

ಈ ವಾರ ಚಿತ್ರಸುದ್ದಿಗೆ ಮೊದಲು ಒಂದು ಕಾಗದ.

ಹೊಳಲ್ಕೆರೆ ಕಡೆಯ ಓದುಗ ಮಿತ್ರರೊಬ್ಬರು ಬರೆದಿದ್ದಾರೆ. ವಯಸ್ಸು ಇಪ್ಪತ್ನಾಲ್ಕು. ಹೋಟೆಲಿನಲ್ಲಿ ಸಪ್ಲೈಯರ್. "ಹೆಸರು ಹಾಕ್ಬೇಡಿ ಸಾರ್, ಮನೇಲಿ ಹೆಣ್ಣು ನೋಡ್ತಾ ಇದಾರೆ" ಎಂದು ಮೊದಲ ಸಾಲಿನಲ್ಲೇ ಕೈ ಮುಗಿದಿದ್ದಾರೆ. ಹಾಕುವುದಿಲ್ಲ ಮಿತ್ರರೇ, ನಿಶ್ಚಿಂತೆಯಿಂದಿರಿ. ಕಾಗದದ ಸಾರಾಂಶ ಇಷ್ಟು:

"ಎಡಗಾಲಿನ ನರ ಉಬ್ಬಿ ಹಗ್ಗದ ಥರ ಆಗಿತ್ತು. ಹೋದ ವಾರ ಲೇಸರ್ ಮಾಡಿಸಿದೆ. ಡಾಕ್ಟ್ರು 'ನಡಿ' ಅಂದ್ರು. ಅಮ್ಮ 'ಕಾಲು ಕೆಳಗಿಡಬ್ಯಾಡ' ಅಂತಾಳೆ. ಜಿಮ್ ಮಾಸ್ಟರು 'ಬಸ್ಕಿ ಹೊಡಿ, ರಕ್ತ ಓಡಾಡ್ಲಿ' ಅಂತಾರೆ. ಮೂವರಲ್ಲಿ ಯಾರ ಮಾತು ಕೇಳ್ಲಿ? ಮುಂದಿನ ತಿಂಗಳು ನಮ್ಮ ಹೀರೋ ಪಿಕ್ಚರ್ ರಿಲೀಸು. ಪ್ರತಿ ಸಲ ಕಟೌಟ್ ಹತ್ತಿ ಹಾರ ಹಾಕೋನು ನಾನೇ. ಈ ಸಲ ಹತ್ತಬಹುದಾ?"

ಸಿನಿಮಾ ಪತ್ರಿಕೆಗೆ ಯಾಕೆ ಈ ಪ್ರಶ್ನೆ ಅಂತೀರಾ? ತಪ್ಪು ನನ್ನದೇ. ಹೋದ ವರ್ಷ ಇದೇ ಪುಟದಲ್ಲಿ ಫಸ್ಟ್ ಶೋ ಸಾಲಿನ ಬಗ್ಗೆ ಬರೆಯುವಾಗ, "ಪ್ಯಾಂಟಿನೊಳಗೆ ಬಿಗಿ ಸ್ಟಾಕಿಂಗ್ ಹಾಕಿಕೊಂಡು ನಿಂತಿದ್ದೆ" ಎಂದು ಒಂದು ಸಾಲು ಹಾಕಿದ್ದೆ. ಅಷ್ಟೇ! ನಾಯಕಿ ಯಾರು ಎಂದು ಕೇಳಿದವರಿಗಿಂತ ಆ ಸ್ಟಾಕಿಂಗ್ ಎಲ್ಲಿ ಸಿಗುತ್ತೆ ಎಂದು ಕೇಳಿದವರೇ ಜಾಸ್ತಿ. ಹಿರಿಯೂರಿನ ಬಸ್ ಕಂಡಕ್ಟರು, ಹೊಸದುರ್ಗದ ಕ್ಷೌರದಂಗಡಿಯವರು, ದುರ್ಗದ ಬಟ್ಟೆ ಅಂಗಡಿ ಹುಡುಗರು... ಎಲ್ಲ ನಿಂತುಕೊಂಡು ಅನ್ನ ದುಡಿಯುವವರೇ. ಅವರೆಲ್ಲರಿಗೂ ಸೇರಿಸಿ ಇವತ್ತಿನ ಉತ್ತರ. ನಾನು ಡಾಕ್ಟರಲ್ಲ, ಪಿಯುಸಿಯನ್ನೂ ಮುಗಿಸಿದವನಲ್ಲ. ಆದರೆ ಈ ಚಿತ್ರದಲ್ಲಿ ಪಾರ್ಟು ಮಾಡಿ ಬಂದವನು. ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡವನು. ಮುಖ್ಯವಾಗಿ, ಅವರ ಮಾತು ಮೀರಿ ಪೆಟ್ಟು ತಿಂದವನು.

ಮೊದಲು ಕಾಯಿಲೆ ಏನು ಅಂತ ನೋಡೋಣ. ನಾವು 'ನರ' ಅಂತೀವಲ್ಲ, ಅದು ನರ ಅಲ್ಲ, ರಕ್ತನಾಳ. ಹೃದಯದಿಂದ ಪಾದಕ್ಕಿಳಿದ ರಕ್ತ ಮತ್ತೆ ಮೇಲೆ ಹೋಗಬೇಕಾದ ದಾರಿ. ಇಳಿಯುವುದು ಸುಲಭ, ಹತ್ತುವುದು ಕಷ್ಟ, ದುರ್ಗದ ಕೋಟೆಯ ಹಾಗೆ. ಅದಕ್ಕೇ ಆ ನಾಳದ ಒಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಥಿಯೇಟರಿನ ಗೇಟ್‌ಕೀಪರ್ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಒಳಕ್ಕೆ ಬಿಟ್ಟವನನ್ನು ಅದೇ ಬಾಗಿಲಲ್ಲಿ ವಾಪಸ್ಸು ಬಿಡುವುದಿಲ್ಲ. ಗೇಟ್‌ಕೀಪರ್ ಸಡಿಲವಾದ ಅಂದ್ರೆ ನೂಕುನುಗ್ಗಲು ಹಿಂದಕ್ಕೆ ಹೊರಳುತ್ತದೆ. ರಕ್ತ ಕೆಳಗೆ ಬಿದ್ದು ನಿಲ್ಲುತ್ತದೆ, ನಾಳ ಹಿಗ್ಗುತ್ತದೆ, ಸೊಟ್ಟಂಬಟ್ಟ ಸುತ್ತಿಕೊಳ್ಳುತ್ತದೆ. ಮಾರಿಕಣಿವೆಯಲ್ಲಿ ನೀರು ನಿಂತರೆ ಹಿರಿಯೂರಿಗೆ ಹಬ್ಬ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತು! ಕಾಲಿನಲ್ಲಿ ರಕ್ತ ನಿಂತರೆ ಮಾತ್ರ ಯಾರಿಗೂ ಹಬ್ಬವಲ್ಲ. ಭಾರ, ಸೆಳೆತ, ಸಂಜೆಗೆ ಊತ, ಗಿಣ್ಣಿನ ಹತ್ತಿರ ತುರಿಕೆ, ಚರ್ಮ ಕಪ್ಪು... ಬಿಟ್ಟರೆ ಹುಣ್ಣು.

ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಅದರ ಮೇಲೆ ದಿನಕ್ಕೆ ಹತ್ತು ಗಂಟೆ ನಿಂತೇ ಇರುವ ಕೆಲಸ ಸೇರಿದರೆ ಮುಗೀತು.

ಹಾವಿನ ಹೋಲಿಕೆ ನನ್ನದಲ್ಲ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದಿನ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲೇ ಹಾವಿನಂತೆ ಸುತ್ತಿಕೊಂಡ ಊತಗಳ ಪ್ರಸ್ತಾಪವಿದೆ, ಅದಕ್ಕೆ ಕತ್ತಿ ಹಾಕಬೇಡಿ ಎಂಬ ಎಚ್ಚರಿಕೆಯೂ ಇದೆಯಂತೆ. ನಮ್ಮ ಸುಶ್ರುತರೂ ನಿದಾನಸ್ಥಾನದಲ್ಲಿ ಸಿರೆಗಳ ಗಂಟಿನ ಬಗ್ಗೆ ಹೇಳುವಾಗ, ಶಕ್ತಿಯಿಲ್ಲದವನು ಮಿತಿಮೀರಿ ಶ್ರಮಪಡುವುದೇ ಅದಕ್ಕೆ ಕಾರಣ ಎಂದಿದ್ದಾರೆ. ಆ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ನನ್ನ ಕಾಲಿನ ಹಾವು ಎದ್ದಿದ್ದು ಹೋಟೆಲಿನಲ್ಲಿ. ಕಾಲೇಜು ಬಿಟ್ಟ ಮೇಲೆ ಬರವಣಿಗೆ ಕೈಹಿಡಿಯುವ ತನಕ ನಾನೂ ಸಪ್ಲೈಯರೇ. ಬೆಳಿಗ್ಗೆ ಇಡ್ಲಿಯಿಂದ ರಾತ್ರಿ ಊಟದವರೆಗೆ ನಿಂತದ್ದೇ ನಿಂತದ್ದು. 2018ರಲ್ಲಿ 'ನಾಗರಹಾವು' ಹೊಸ ಮೆರುಗಿನಲ್ಲಿ ಮರುಬಿಡುಗಡೆಯಾದಾಗ ಮೂರು ಸಲ ನೋಡಿದೆ. 1972ರ ಚಿತ್ರ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನದು. ಆದರೂ ನಮ್ಮೂರ ಬಂಡೆಗಳ ಮೇಲೆ ರಾಮಾಚಾರಿಯಾಗಿ ವಿಷ್ಣುವರ್ಧನ್ ಕಾಣಿಸಿಕೊಂಡರೆ ಇವತ್ತಿಗೂ ಶಿಳ್ಳೆ ತಾನಾಗಿಯೇ ಬರುತ್ತೆ. ಪುಟ್ಟಣ್ಣ ಕಣಗಾಲರ ನಿರ್ದೇಶನ, ತ.ರಾ.ಸು. ಅವರ ಕಥೆ, ಜಯಂತಿಯವರ ಓಬವ್ವ... ಮೂರನೇ ಸಲ ನೋಡುವಾಗ ಮಾತ್ರ ಎಡಗಾಲನ್ನು ಮುಂದಿನ ಸೀಟಿನ ಮೇಲೆ ಎತ್ತಿಟ್ಟುಕೊಂಡಿದ್ದೆ. ಮುಂದಿನವನು ತಿರುಗಿ ಬೈದ. ಲುಂಗಿ ಸರಿಸಿ ತೋರಿಸಿದೆ. "ಏನ್ಲಾ ಇದು, ಹಾವು ಸುತ್ತಿದಂಗೈತೆ!" ಎಂದ. ಪಕ್ಕದ ಸೀಟು ಬಿಟ್ಟುಕೊಟ್ಟ.

ಆಮೇಲೂ ನಾನು ಆಸ್ಪತ್ರೆಗೆ ಹೋಗಲಿಲ್ಲ. ಹೋಗುವಂತೆ ಮಾಡಿದವರು ಹೊಸದುರ್ಗದ ಒಬ್ಬ ಹಳೇ ಆಪರೇಟರು. ರೀಲಿನ ಕಾಲದವರು. ಎರಡು ಸಾವಿರ ಅಡಿಯ ರೀಲು ಓಡುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಪಕ್ಕದ ಮೆಷಿನ್ನಿಗೆ ಮುಂದಿನದನ್ನು ಹೂಡಿ ಸಿದ್ಧವಾಗಿ ನಿಂತಿರಬೇಕು. ದಿನಕ್ಕೆ ನಾಲ್ಕು ಆಟ! ನಮಗೆ ತೆರೆಯ ಮೇಲೆ ಹೀರೋ ಕಾಣುತ್ತಿದ್ದ, ಆ ಹಿಂದಿನ ಗೂಡಿನಲ್ಲಿ ನಿಂತವರ ಕಾಲು ಯಾರಿಗೆ ಕಾಣಬೇಕು? ಹಳೇ ಚಿತ್ರಮಂದಿರಗಳ ಬಗ್ಗೆ ಬರೆಯಲು ಹೋದವನಿಗೆ ಅವರು ತಮ್ಮ ಬಲಗಾಲಿನ ಗಿಣ್ಣಿನ ಮೇಲಿನ ಹುಣ್ಣು ತೋರಿಸಿದರು. ಒಣಗುತ್ತೆ, ಮತ್ತೆ ಬಾಯಿ ಬಿಡುತ್ತೆ. "ತಮ್ಮಾ, ನಿನ್ ವಯಸ್ನಾಗೆ ನಂಗೂ ಬರೀ ನರ ಇದ್ದಿದ್ದು" ಎಂದರು. ಆ ವಾರದ ಲೇಖನ ನಾನು ಬರೆಯಲೇ ಇಲ್ಲ. ನೇರವಾಗಿ ಸ್ಕ್ಯಾನಿಂಗಿಗೆ ಹೋದೆ.

ಸ್ಕ್ಯಾನಿಂಗ್ ಅಂದ್ರೆ ಡಾಪ್ಲರ್. ಕಾಲಿಗೆ ಜೆಲ್ಲು ಹಚ್ಚಿ ಒಂದು ಸಣ್ಣ ಯಂತ್ರ ಆಡಿಸುತ್ತಾರೆ, ರಕ್ತ ಮೇಲೆ ಹೋಗುವುದೂ ಹಿಂದಕ್ಕೆ ಹೊರಳುವುದೂ ತೆರೆಯ ಮೇಲೆ ಕಾಣುತ್ತೆ. ನೋವಿಲ್ಲ. ಆಮೇಲೆ ಲೇಸರ್. ಮೊಣಕಾಲಿನ ಹತ್ತಿರ ಸೂಜಿಯ ತೂತು, ಅದರೊಳಗೆ ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ತಂತು. ಸುತ್ತ ಮರಗಟ್ಟುವ ಮದ್ದು ಕೊಟ್ಟು, ಕೆಟ್ಟ ನಾಳವನ್ನು ಒಳಗಿನಿಂದ ಸುಟ್ಟು ಮುಚ್ಚಿಬಿಡುತ್ತಾರೆ. "ಅಯ್ಯೋ, ಮುಚ್ಚಿದರೆ ರಕ್ತ ಎಲ್ಲಿ ಹೋಗಬೇಕು?" ಎಂದು ನಾನೂ ಕೇಳಿದೆ. ಹೆದ್ದಾರಿ ಒಳಗಡೆ ಬೇರೆಯೇ ಇದೆ. ಮಾಂಸದ ಆಳದಲ್ಲಿರುವ ನಾಳಗಳು. ಮುಚ್ಚಿದ್ದು ಚರ್ಮದ ಕೆಳಗಿನ ಹಾಳು ಬಿದ್ದ ಸರ್ವೀಸ್ ರೋಡು.

ಟೇಬಲ್ಲಿನಿಂದ ಇಳಿಸಿ ಸ್ಟಾಕಿಂಗ್ ತೊಡಿಸಿದವರೇ ಡಾಕ್ಟರು ಹೇಳಿದ ಮೊದಲ ಮಾತು: "ಹೂಂ, ನಡಿಯಪ್ಪ." ನಾನು ತಮಾಷೆ ಅಂದುಕೊಂಡೆ. ಇಪ್ಪತ್ತು ನಿಮಿಷ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಸಿಯೇ ಮನೆಗೆ ಬಿಟ್ಟರು.

ಮನೆಯಲ್ಲಿ ಬೇರೆ ಚಿತ್ರ. ಅಮ್ಮ ಹಾಸಿಗೆ ಹಾಸಿ ಕಾಯುತ್ತಿದ್ದಳು. "ಆಪ್ರೇಸನ್ ಆದ ಕಾಲು ಕಣಪ್ಪ, ಹದಿನೈದು ದಿನ ನೆಲಕ್ಕೆ ತಾಕಿಸ್ಬ್ಯಾಡ." ಅವಳ ತಪ್ಪಲ್ಲ. ಹಿಂದಿನ ಕಾಲದಲ್ಲಿ ತೊಡೆಸಂದಿಯಲ್ಲಿ ಕೊಯ್ದು ನಾಳವನ್ನು ಎಳೆದು ತೆಗೆಯುತ್ತಿದ್ದರು, ದಿನಗಟ್ಟಲೆ ಮಲಗಿಸುತ್ತಿದ್ದರು. ಹೊಸದುರ್ಗದ ಆಪರೇಟರಿಗೆ ಒಂದು ಕಾಲಿಗೆ ಹಾಗೇ ಮಾಡಿದ್ದು, ಹದಿನೈದು ದಿನ ಮಲಗಿದ್ದರಂತೆ. ಆ ನೆನಪು ಊರಲ್ಲಿ ಉಳಿದಿದೆ. ಈಗ ಕೊಯ್ದು ಮಾಡಿದರೂ ಮಲಗಿಸುವುದಿಲ್ಲ, ಬೇಗ ಎಬ್ಬಿಸಿ ನಡೆಸುತ್ತಾರೆ. ಕಾರಣ ಇದೆ. ಅಲ್ಲಾಡದೆ ಮಲಗಿದ ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅಪರೂಪ, ಆದರೆ ಅಪರೂಪದ್ದಕ್ಕೇ ಅಲ್ಲವೇ ಎಚ್ಚರಿಕೆ ಬೇಕಾದ್ದು?

ಡಾಕ್ಟರು ಒಂದು ಲೆಕ್ಕ ಹೇಳಿದ್ದರು, ನನಗೆ ಬಹಳ ಹಿಡಿಸಿತು. ಬಿ.ಪಿ. ಅಳೆಯುವ ಪಾದರಸದ ಲೆಕ್ಕದಲ್ಲೇ ಹೇಳುವುದಾದರೆ, ಸುಮ್ಮನೆ ನಿಂತವನ ಪಾದದ ರಕ್ತನಾಳದಲ್ಲಿ ಒತ್ತಡ 90 ಮಿಲಿಮೀಟರ್‌ನ ಆಸುಪಾಸು. ಅದೇ ಮನುಷ್ಯ ನಡೆಯತೊಡಗಿದರೆ, ಕಾಲು ಚೆನ್ನಾಗಿದ್ದರೆ, ಅದು 30ಕ್ಕಿಂತ ಕೆಳಗಿಳಿಯುತ್ತದೆ! ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತೆ. ಪಂಪ್‌ಸೆಟ್ ಇದ್ದ ಹಾಗೆ. ಕರೆಂಟ್ ಬೇಡ, ಬೋರ್‌ವೆಲ್ ಬತ್ತುವ ಭಯವಿಲ್ಲ. ನಡೆದರೆ ಓಡುತ್ತೆ, ನಿಂತರೆ ನಿಲ್ಲುತ್ತೆ.

ಅಂದ ಹಾಗೆ ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಶ್ರಾಂತಿ ತೆಗೆದುಕೊಳ್ಳುವಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ, ದಿಂಬು ಕೊಟ್ಟುಕೊಳ್ಳಿ. ಜೋತುಬಿಟ್ಟು ಗಂಟೆಗಟ್ಟಲೆ ಕೂರಬೇಡಿ. ಆದರೆ ಎಚ್ಚರವಿರುವ ಪ್ರತಿ ಗಂಟೆಗೂ ಒಮ್ಮೆ ಎದ್ದು ಐದು ನಿಮಿಷ ಓಡಾಡಿ. ಮಲಗಿದಲ್ಲೇ ಪಾದವನ್ನು ಸೈಕಲ್ ಪಂಪು ಒತ್ತಿದಂತೆ ಮುಂದಕ್ಕೆ, ಹಿಂದಕ್ಕೆ ಇಪ್ಪತ್ತು ಸಲ. ಅಮ್ಮನಿಗೆ ಇಷ್ಟು ಹೇಳಿ, ಒಪ್ಪುತ್ತಾಳೆ. ಎಣ್ಣೆ ಹಚ್ಚಿ ನೀವುತ್ತೇನೆ, ಬಿಸಿನೀರಿನ ಶಾಖ ಕೊಡುತ್ತೇನೆ ಎಂದು ಬಂದರೆ ಮಾತ್ರ ಕೈ ಮುಗಿದು ಬೇಡ ಅನ್ನಿ. ಅದು ಬೇಡವೇ ಬೇಡ.

ಮರುದಿನದಿಂದ ನಾನು ಬೆಳಿಗ್ಗೆ ಆರಕ್ಕೆ ನಮ್ಮೂರ ಒನಕೆ ಓಬವ್ವ ಕ್ರೀಡಾಂಗಣದಲ್ಲಿ. ಮೊದಲ ಮೂರು ದಿನ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಆಮೇಲೆ ಒಂದೇ ಉಸಿರಿಗೆ ಅರ್ಧ ಗಂಟೆ. ಸಮತಟ್ಟು ನೆಲ, ಮೆತ್ತನೆ ಶೂ, ಆರಾಮದ ನಡಿಗೆ. ಸುಮಾರು ಐದನೇ ದಿನಕ್ಕೆ ತೊಡೆಯ ಒಳಮಗ್ಗುಲಲ್ಲಿ ತಂತಿ ಎಳೆದು ಕಟ್ಟಿದಂಥ ಬಿಗಿ ಶುರುವಾಯಿತು. ಗಾಬರಿಯಾಗಬೇಡಿ, ಮುಚ್ಚಿದ ನಾಳ ಒಣಗಿ ಗಟ್ಟಿಯಾಗುವ ಲಕ್ಷಣ ಅದು. ವಾರ ಹತ್ತು ದಿನದಲ್ಲಿ ಸಡಿಲವಾಗುತ್ತೆ. ನಡೆದರೆ ಬೇಗ.

ಸ್ಟಾಕಿಂಗ್ ಬಗ್ಗೆ ಎರಡು ಮಾತು, ಕೇಳಿದವರು ಬಹಳ ಇದ್ದೀರಲ್ಲ. ಅದು ಅಂಗಡಿಯ ಕಾಲುಚೀಲ ಅಲ್ಲ, ಅಳತೆ ತೆಗೆದು ಕೊಡುವ ಬಿಗಿಪಟ್ಟಿ. ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲೇ ಹಾಕಬೇಕು. ಮೇಲಂಚನ್ನು ಮಡಚಬಾರದು, ಮಡಚಿದರೆ ಅದೇ ಉರುಳಾಗಿ ರಕ್ತ ತಡೆಯುತ್ತೆ. ಎಷ್ಟು ದಿನ, ರಾತ್ರಿಯೂ ಬೇಕೋ ಬೇಡವೋ ಎಂಬುದು ನಿಮ್ಮ ಡಾಕ್ಟರ ಚೀಟಿಯಲ್ಲಿರುತ್ತೆ, ಅದರಂತೆ ಮಾಡಿ. ನಮ್ಮ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ತಿರುಗುವುದು ಶಿಕ್ಷೆಯೇ. ಆಗುವುದಾದರೆ ಚಿಕಿತ್ಸೆಯನ್ನೇ ಮಳೆಗಾಲಕ್ಕೆ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ಹುಣ್ಣಾಗಿದ್ದರೆ ಮಾತ್ರ ಕಾಯಬೇಡಿ.

ಇಲ್ಲಿಗೆ ಇಂಟರ್ವಲ್. ಇನ್ನು ನಾನು ಮಾಡಿದ ಘನಕಾರ್ಯ.

ಒಂಬತ್ತನೇ ದಿನ. ಕಾಲು ಹಗುರ, ನೋವು ಕಮ್ಮಿ. ನಾನೇ ರಾಮಾಚಾರಿ! ಗೆಳೆಯರ ಗುಂಪೊಂದು ಕಿರುಚಿತ್ರ ಮಾಡುತ್ತಿತ್ತು, ಕೋಟೆಯ ಮೇಲೆ ಶೂಟಿಂಗು. "ಬಾರಣ್ಣ, ನಿನಗೂ ಒಂದು ಲೇಖನ ಸಿಗುತ್ತೆ" ಎಂದರು. ಹೋದೆ. ಹೋದವನು ಸುಮ್ಮನೆ ಇದ್ದೆನೇ? ಬ್ಯಾಟರಿ ಪೆಟ್ಟಿಗೆ ಹೊರುವ ಹುಡುಗ ಬಂದಿರಲಿಲ್ಲ. ಇಪ್ಪತ್ತೈದು ಕಿಲೋ ಇದ್ದೀತು. ಹೆಗಲಿಗೇರಿಸಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿದೆ. ಹಿಡಿಂಬೇಶ್ವರನ ಗುಡಿಯವರೆಗೆ. ಆಮೇಲೆ ಲೈಟು ಹಿಡಿದುಕೊಂಡು ಮೂರು ಗಂಟೆ ಒಂದೇ ಬಂಡೆಯ ಮೇಲೆ ಅಲ್ಲಾಡದೆ ನಿಂತೆ. ನೋಡಿ, ಒಂದೇ ದಿನದಲ್ಲಿ ಎರಡೂ ತಪ್ಪು: ಉಸಿರು ಕಟ್ಟಿ ಭಾರ ಎತ್ತಿದ್ದು ಒಂದು, ಕಲ್ಲಿನ ಹಾಗೆ ನಿಂತಿದ್ದು ಇನ್ನೊಂದು.

ರಾತ್ರಿ ತೊಡೆಯ ಒಳಭಾಗ ಕೆಂಪಗೆ ಕಾದ ಕಬ್ಬಿಣ. ಮುಟ್ಟಿದರೆ ಹಗ್ಗದಂತೆ ಗಟ್ಟಿ. ಮೀನಖಂಡದಲ್ಲೂ ಸೆಳೆತ. ಹೆಪ್ಪುಗಟ್ಟಿತು ಅಂತಲೇ ಲೆಕ್ಕ ಹಾಕಿದೆ. ಅಮ್ಮ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗೆಳೆಯನ ಕಾರಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಏನೇನೋ ಯೋಚನೆ. ಬರೆಯದೆ ಉಳಿದ ಲೇಖನ, ಕಟ್ಟದೆ ಉಳಿದ ಚೀಟಿ ಹಣ, ಅಮ್ಮ ಒಬ್ಬಳೇ...

ಪುಣ್ಯ, ಡಾಪ್ಲರಿನಲ್ಲಿ ಆಳದ ನಾಳ ಸ್ವಚ್ಛವಾಗಿತ್ತು. ಮೇಲಿನ ಮುಚ್ಚಿದ ನಾಳದ ಉರಿಯೂತ ಅಷ್ಟೇ ಎಂದರು. ಮಾತ್ರೆ ಕೊಟ್ಟರು, ಸ್ಟಾಕಿಂಗ್ ಇನ್ನೆರಡು ವಾರ ವಿಸ್ತರಿಸಿದರು, "ನಡಿಗೆ ನಿಲ್ಲಿಸಬೇಡ" ಎಂದರು. ಹೊತ್ತಿದ್ದರಿಂದಲೇ ಹೀಗಾಯಿತಾ ಎಂದು ಕೇಳಿದೆ. "ಹೊರದೇ ಇದ್ದರೂ ಕೆಲವರಿಗೆ ಆಗುತ್ತೆ. ನೀನು ಹೊತ್ತಿದ್ದು ಉಪಕಾರವಂತೂ ಮಾಡಲಿಲ್ಲ" ಎಂದು ನಕ್ಕರು. ಆಗಲೇ ಉಸಿರಿನ ಗುಟ್ಟು ಬಿಡಿಸಿ ಹೇಳಿದ್ದು. ಉಸಿರು ಕಟ್ಟಿ ಭಾರ ಎತ್ತಿದಾಗ ಹೊಟ್ಟೆಯೊಳಗೆ ಒತ್ತಡ ಏರುತ್ತೆ. ಕಾಲಿನಿಂದ ಮೇಲೆ ಬರುವ ರಕ್ತಕ್ಕೆ ಅದು ಬಾಗಿಲು ಹಾಕಿದಂತೆ. ಮೇಲೆ ಬಾಗಿಲು ಮುಚ್ಚಿದೆ, ಕೆಳಗೆ ನೂಕುನುಗ್ಗಲು... ಹೊಸದಾಗಿ ಮುಚ್ಚಿದ ನಾಳಕ್ಕೂ ಅಕ್ಕಪಕ್ಕದ ಚಿಕ್ಕ ನಾಳಗಳಿಗೂ ಹಬ್ಬ. ಮಲಬದ್ಧತೆಯಲ್ಲಿ ಮುಕ್ಕುವುದೂ ಇದೇ ಲೆಕ್ಕ, ನಗಬೇಡಿ. ನೀರು, ಸೊಪ್ಪು ಜಾಸ್ತಿ ತಿನ್ನಿ.

ಹಾಗಾದರೆ ಜಿಮ್ ಮಾಸ್ಟರು ಹೇಳಿದ ಬಸ್ಕಿ? ಎರಡನೇ ದಿನ ಖಂಡಿತ ಬೇಡ. ಹಾಗಂತ ಜನ್ಮಪೂರ್ತಿ ಬೇಡ ಅಂತಲ್ಲ. ದುರ್ಗದ ಪಾಳೆಯಗಾರರ ನೆಲದಲ್ಲಿ ಹುಟ್ಟಿ ಗರಡಿ ಬೇಡ ಅನ್ನುವುದುಂಟೇ? ನನಗೆ ಡಾಕ್ಟರು ಹಾಕಿಕೊಟ್ಟ ದಾರಿ ಹೇಳುತ್ತೇನೆ, ನಿಮ್ಮದು ಸ್ವಲ್ಪ ಹಿಂದೆ ಮುಂದೆ ಇರಬಹುದು. ಮೊದಲ ವಾರ ಬರೀ ನಡಿಗೆ, ಹಿಮ್ಮಡಿ ಎತ್ತಿ ಇಳಿಸುವುದು. ಎರಡನೇ ವಾರ ಚುರುಕು ನಡಿಗೆ, ಭಾರವಿಲ್ಲದ ಸೈಕಲ್ಲು. ತೂತು ಪೂರಾ ಮಾಯ್ದು, ಹಕ್ಕಳೆ ಉದುರಿದ ಮೇಲೆ ಈಜು. ಹಳ್ಳಿ ಬಾವಿ, ಕಾಲುವೆ ನೀರಿಗೆ ಹಸಿಗಾಯದಲ್ಲಿ ಧುಮುಕಿದರೆ ಸೋಂಕು ಗ್ಯಾರಂಟಿ. ಎರಡು ವಾರ ಕಳೆದು ಡಾಕ್ಟರು ನೋಡಿದ ನಂತರ ಮೆಲ್ಲನೆ ಓಟ. ಭಾರ ಎತ್ತುವುದು ಎಲ್ಲಕ್ಕಿಂತ ಕೊನೆಗೆ, ಮೊದಲು ಎತ್ತುತ್ತಿದ್ದುದರ ಅರ್ಧದಿಂದ, ಮೊದಲು ತೋಳು ಎದೆ, ಆಮೇಲೆ ಕಾಲು. ಎತ್ತುವಾಗ ಉಸಿರು ಬಿಡಬೇಕು, ಕಟ್ಟಬಾರದು. ಎರಡು ಸುತ್ತಿನ ನಡುವೆ ನಿಂತು ಕನ್ನಡಿ ನೋಡಿಕೊಳ್ಳುವ ಬದಲು ನಾಲ್ಕು ಹೆಜ್ಜೆ ಓಡಾಡಿ. ಕೊಯ್ದು ಮಾಡಿಸಿಕೊಂಡವರಿಗೆ ಇದೆಲ್ಲ ಇನ್ನೂ ಕೆಲವು ವಾರ ತಡ.

ಸುಶ್ರುತರು ಹೇಳಿದ್ದು ನೆನಪಿದೆಯಲ್ಲ? ಅವರು ಶ್ರಮವೇ ತಪ್ಪು ಅನ್ನಲಿಲ್ಲ, ಶಕ್ತಿ ಇಲ್ಲದಾಗ ಮಿತಿಮೀರಿದ್ದು ತಪ್ಪು ಅಂದರು.

ಆ ರಾತ್ರಿಯ ನಂತರ ನನಗೆ ಇನ್ನೊಂದು ರೋಗ ಅಂಟಿತ್ತು, ಹೆದರಿಕೆ. ವಾರ ಪೂರ್ತಿ ಮನೆಯಿಂದ ಹೊರಬೀಳಲಿಲ್ಲ. 2021ರ ಅಕ್ಟೋಬರ್ 29 ನಿಮಗೆ ಮರೆತಿಲ್ಲ. ನಮ್ಮ ಅಪ್ಪು ಹೋದ ದಿನ. ನಲವತ್ತಾರು ವಯಸ್ಸು. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ಪರೀಕ್ಷೆಗೆ ಯುವಕರ ಸಾಲೇ ಸಾಲು, ನಮ್ಮೂರ ಜಿಮ್ಮುಗಳಲ್ಲಿ ಅರ್ಧ ಜನ ನಾಪತ್ತೆ. ವ್ಯಾಯಾಮವೇ ಕೊಲ್ಲುತ್ತೆ ಎಂದು ಎಷ್ಟು ಜನ ಮನೆ ಸೇರಿಕೊಂಡರು! ಆ ದೊಡ್ಡ ಜೀವಕ್ಕೂ ನನ್ನ ಕಾಲಿಗೂ ಹೋಲಿಕೆ ಇಲ್ಲ. ಆದರೆ ಆ ಭಯ ಒಂದೇ ಜಾತಿಯದು, ಅದರಲ್ಲಿ ನಾನೂ ಒಬ್ಬನಾಗಿದ್ದೆ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಅಮ್ಮನೇ. "ಡಾಕ್ಟ್ರು ನಡಿ ಅಂದವ್ರೆ ತಾನೆ? ಏಳು, ನಾನೂ ಬತ್ತೀನಿ." ಹದಿನೈದು ದಿನ ಮಲಗು ಅಂದವಳು ಅವಳೇ! ಇವತ್ತಿಗೂ ಕ್ರೀಡಾಂಗಣಕ್ಕೆ ನನಗಿಂತ ಮುಂಚೆ ಹೊರಡುತ್ತಾಳೆ.

ಬಸ್ಸಿನವರಿಗೆ ಒಂದು ಮಾತು. ಹಿರಿಯೂರಿನ ಆ ಕಂಡಕ್ಟರ್ ಮಿತ್ರರು 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ತಮ್ಮ ಸೀಟನ್ನೇ ನೋಡಿಲ್ಲ ಎಂದು ಬರೆದಿದ್ದಾರೆ. ಹೆಣ್ಮಕ್ಕಳು ಓಡಾಡಲಿ ಬಿಡಿ, ಸಂತೋಷ. ನೀವು ಮಾತ್ರ ನಿಂತಲ್ಲೇ ನಿಲ್ಲಬೇಡಿ. ಕಂಬಿ ಹಿಡಿದು ಹಿಮ್ಮಡಿ ಎತ್ತಿ, ಇಳಿಸಿ. ದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್, ಎಷ್ಟು ಸಲ ಎತ್ತಬಹುದು ಲೆಕ್ಕ ಹಾಕಿ. ಚಿಕಿತ್ಸೆಯಾದ ಹೊಸದರಲ್ಲಿ ಬೆಂಗಳೂರಿನಂಥ ದೂರದ ಪ್ರಯಾಣ ಬೇಡ. ಹೋಗಲೇಬೇಕಾದರೆ ಬಸ್ಸು ನಿಂತಲ್ಲೆಲ್ಲ ಇಳಿದು ಓಡಾಡಿ, ಸೀಟಿನಲ್ಲಿ ಪಾದ ಆಡಿಸುತ್ತಿರಿ. ಸೇನೆ, ಅರೆಸೇನಾಪಡೆಗೆ ಓಟದ ತಯಾರಿ ನಡೆಸಿರುವ ಹುಡುಗರೂ ಕೇಳಿ. ಅಲ್ಲಿನ ವೈದ್ಯಕೀಯ ಪರೀಕ್ಷೆಯಲ್ಲಿ ಉಬ್ಬಿದ ನಾಳ ಕಂಡರೆ ಅನರ್ಹ ಮಾಡುತ್ತಾರೆ. ಅಂಥದ್ದೇನಾದರೂ ಕಂಡರೆ ಬಚ್ಚಿಟ್ಟು ಓಡಬೇಡಿ. ಮೊದಲೇ ತೋರಿಸಿ, ನೇಮಕಾತಿಯ ನಿಯಮ ಓದಿಕೊಂಡು ಮುಂದುವರಿಯಿರಿ.

ಈ ಲಕ್ಷಣಗಳನ್ನು ಮಾತ್ರ ಗೋಡೆಗೆ ಅಂಟಿಸಿಕೊಳ್ಳಿ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನಡೆದರೂ ಮಲಗಿದರೂ ನೋವು ಹೋಗದಿದ್ದರೆ ಅವತ್ತೇ ಆಸ್ಪತ್ರೆ. ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಮಲಗಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಸಹಾಯಕ್ಕೆ ಕೂಗಿ. ನಿಂತುಕೊಂಡೇ ನೋಡುತ್ತಿರಬೇಡಿ.

ಹೊಸದುರ್ಗದ ಆಪರೇಟರಿಗೆ ಈಗ ಆ ಕಾಲಿಗೂ ಚಿಕಿತ್ಸೆಯಾಗಿದೆ. ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಹೋದ ತಿಂಗಳು ಸಿಕ್ಕಿದ್ದರು, ಪಟ್ಟಿ ಕಟ್ಟಿಕೊಂಡೇ ತೋಟದ ಬದುವಿನ ಮೇಲೆ ದಿನಾ ಎರಡು ಸುತ್ತು ಹಾಕುತ್ತಾರಂತೆ. "ಒಂದು ರೀಲು ಮುಗಿಯೋವಷ್ಟು ಹೊತ್ತು ನಡೀತೀನಿ ತಮ್ಮಾ" ಎಂದರು. ಅಂದ್ರೆ ಇಪ್ಪತ್ತು ನಿಮಿಷ. ಗಡಿಯಾರವೇ ನೋಡುವುದಿಲ್ಲ, ಆ ಅಳತೆ ಅವರ ಮೈಯಲ್ಲೇ ಇದೆ.

ಇನ್ನು ಹೊಳಲ್ಕೆರೆ ಮಿತ್ರರ ಕೊನೆಯ ಪ್ರಶ್ನೆ. ಕಟೌಟ್ ಹತ್ತಬಹುದಾ?

ಕಾಲಿನ ಮಟ್ಟಿಗೆ, ಒಂದು ತಿಂಗಳಾದ ಮೇಲೆ ಡಾಕ್ಟರು ಬಹುಶಃ ಬೇಡ ಅನ್ನಲಿಕ್ಕಿಲ್ಲ. ಬೇಡ ಅನ್ನುವವನು ನಾನು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಹುಡುಗರು ಹೋದರು. ನಿಮ್ಮದೇ ವಯಸ್ಸಿನವರು. ಅವರ ಮನೆಗಳಲ್ಲೂ ಹೆಣ್ಣು ನೋಡಬೇಕೆಂದಿದ್ದರೋ ಏನೋ. ಈ ಸಲ ಹಾರ ಹಾಕುವ ಕೆಲಸ ಏಣಿ, ಹಗ್ಗ ಸರಿಯಾಗಿಟ್ಟುಕೊಂಡಿರುವ ಪೇಂಟರಿಗೆ ವಹಿಸಿ. ನೀವು ಕೆಳಗೆ ತಮಟೆಯವರ ಮುಂದೆ ಕುಣಿಯಿರಿ, ಮೀನಖಂಡಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ. ಸ್ಟಾಕಿಂಗ್ ಹಾಕಿಕೊಂಡಿದ್ದೀರಿ ಅಂತ ಹೆಣ್ಣಿನ ಕಡೆಯವರಿಗೆ ಪ್ಯಾಂಟಿನ ಮೇಲೆ ಗೊತ್ತಾಗುವುದಿಲ್ಲ. ಆದರೂ ಹುಡುಗಿಗೆ ಮೊದಲೇ ಹೇಳಿಬಿಡಿ. ನಾನು ಹೇಳಿದ್ದೆ. "ನಮ್ಮಪ್ಪನಿಗೂ ಇದೆ, ಅವರಿಗೂ ಒಂದು ಕೊಡಿಸಿ" ಎಂದಳು.

ಮುಂದಿನ ವಾರ, ತಡವಾಗಿ ಹೋದ ಆ ಹಳೇ ಚಿತ್ರಮಂದಿರಗಳ ಲೇಖನ. ಹೊಸದುರ್ಗದ ಆಪರೇಟರಣ್ಣನ ಫೋಟೋ ಸಹಿತ.